ಗಲಾಟೆ ತೆಗೆದ ಸೋಬಾನೆ

ಶ್ರೀಲತಾಳ ಬೆರಳು ಡಿಲೀಟ್ ಗುಂಡಿಯ ಮೇಲಿತ್ತು. ಮಧುಗಿರಿಯ ಕಾಲೇಜು ಗ್ರಂಥಾಲಯದ ಸರ್ವರ್ ತುಂಬಿಹೋಗಿತ್ತು. ಹಳೆಯ ಕ್ಯಾಸೆಟ್ಟುಗಳಿಂದ ಇಳಿಸಿಕೊಂಡ ಹಾಡುಗಳಲ್ಲಿ ಗಲಾಟೆ ತೆಗೆದ ಪ್ರತಿ ಉಳಿದರೆ ಸಾಕು, ಮೂಲ ಬೇಡ ಎಂದು ತೀರ್ಮಾನವಾಗಿತ್ತು. ಪಕ್ಕದಲ್ಲಿ ಮುದುಕಿ ಸಣ್ಣಕ್ಕ ಹೆಡ್‌ಫೋನ್ ಹಾಕಿಕೊಂಡು, ಹರೆಯದಲ್ಲಿ ತಾನೇ ಹಾಡಿದ ಸೋಬಾನೆಯ ಗಲಾಟೆ ತೆಗೆದ ಪ್ರತಿ ಕೇಳುತ್ತಿದ್ದಳು.

"ಎಷ್ಟು ಚೆನ್ನಾಗಿ ಕೇಳ್ಸುತ್ತೆ ಅಲ್ವಾ ಅಜ್ಜಿ?"

"ಪದ ನಾನು ಈಗ್ಲೂ ಹೇಳ್ತೀನಿ ಕಣಮ್ಮ. ತೊಡೆ ಮೇಲೆ ಅಳ್ತಿದ್ದ ನನ್ ಕೂಸೆಲ್ಲಿ?"

"ಆ ಗಲಾಟೇನ ತೆಗೆದ್ವಿ."

"ಆ ವರ್ಸವೇ ಹೋಗ್ಬುಟ್ಟ ಅವ್ನು. ಅವನ ದನಿ ಕೇಳಾಕೇ ದೊಡ್ಡೇರಿಯಿಂದ ಬಂದೆ."

ಶ್ರೀಲತಾ ಬೆರಳು ತೆಗೆದಳು. ಮೂಲ ಮುದ್ರಣವನ್ನು ಹಾಕಿದಳು. ಸ್ವಲ್ಪ ಹೊತ್ತಿಗೆ ಸಣ್ಣಕ್ಕನ ಅಂಗೈ ತನ್ನ ಬರಿದಾದ ತೊಡೆಯನ್ನು ಮೆಲ್ಲಗೆ ತಟ್ಟತೊಡಗಿತು.