ಫೈಲಿನ ಹೆಬ್ಬೆಟ್ಟು

ಜಯಪಾಲ ಮೂರನೆಯ ತಂಬಿಗೆ ನೀರು ಕುಡಿದ. ಹೆಂಡತಿ ಅಕ್ಕುತಾಯಿ ಮೂಲೆಯ ಸ್ಟೀಲ್ ಕೊಡದಿಂದ ಮತ್ತೆ ತುಂಬಿಸತೊಡಗಿದಳು.

ಎದುರಿಗೆ ಸಕ್ಕರೆ ಕಾರ್ಖಾನೆಯ ಎಂಜಿನಿಯರ್ ಭೀಮಗೊಂಡ. ಬಾಗಿಲ ಬಳಿ ಕಮರುನ್ನಿಸಾ, ಜಯಪಾಲನ ನಿಪ್ಪಾಣಿಯ ಕಂಪ್ಯೂಟರ್ ಕ್ಲಾಸಿನಲ್ಲಿ ಕಲಿತವಳು. ಕಬ್ಬಿನ ತೂಕದ ಚೀಟಿಯನ್ನು ಕನ್ನಡದಲ್ಲಿ ಮುದ್ರಿಸುವ ಪ್ರೋಗ್ರಾಮ್ ತನ್ನದು, ಸರ್ ಅದನ್ನು ತಮ್ಮದೆಂದು ಕಾರ್ಖಾನೆಗೆ ಮಾರಿದ್ದಾರೆ ಎಂಬುದು ಅವಳ ದೂರು. ದೂರು ನಿಜವಾದರೆ ಜಯಪಾಲನ ಕ್ಲಾಸಿಗೆ ಬೀಗ. ಸುಳ್ಳಾದರೆ ಅವಳಿಗೆ ಈ ಸೀಮೆಯಲ್ಲಿ ಯಾರೂ ಕೆಲಸ ಕೊಡುವುದಿಲ್ಲ.

"ಇದನ್ನ ನಾನು ತೊಂಬತ್ತೇಳರ ದೀಪಾವಳಿಗೆ ಬರದೀನ್ರಿ," ಎಂದ ಜಯಪಾಲ.

ಭೀಮಗೊಂಡ ಮಡಚಿದ ಕಾಗದ ಬಿಡಿಸಿ ಮೇಜಿನ ಮೇಲಿಟ್ಟ. ತಲೆಬುಡವಿಲ್ಲದ ಮೂವತ್ತೆರಡು ಇಂಗ್ಲಿಷ್ ಅಕ್ಷರ, ಅಂಕಿ.

"ನೀವು ಮಾರಿದ ಫೈಲಿನ ಹೆಬ್ಬೆಟ್ಟು ಇದ್ದಂಗ್ರಿ ಇದು. ಕಂಪ್ಯೂಟರ್ ತಾನ ಲೆಕ್ಕ ಹಾಕಿ ತಗದೈತಿ. ಫೈಲಿನ ಹೆಸರು ಬದಲಿ ಮಾಡಿದ್ರ ಇದು ಬದಲಾಗೂದಿಲ್ಲ. ಒಳಗ ಒಂದ ಚುಕ್ಕಿ ಬದಲಾದ್ರ ಪೂರಾ ಬ್ಯಾರೆ ಆಗ್ತೈತಿ. ತಂಗಿ, ನಿನ್ನ ಫ್ಲಾಪಿ ಕೊಡು. ತಾಳೆ ನೋಡೂಣು."

ಜಯಪಾಲ ಬೆದರಿದ. ಒಳಗಿನದು ಅರ್ಥವಾಗದೆ ಅವನು ಹೆಸರೊಂದನ್ನೇ ಬದಲಿಸಿದ್ದ. ಮರುಕ್ಷಣ ಧೈರ್ಯ ಬಂತು. ಜೋಪಾನವಾಗಿಡುತ್ತೇನೆಂದು ಅವಳ ಫ್ಲಾಪಿಗಳನ್ನೆಲ್ಲ ಇಸಿದುಕೊಂಡು ಅಳಿಸಿದವನು ತಾನೇ ಅಲ್ಲವೆ?

"ನನ್ನ ಕಡೆ ಏನೂ ಉಳದಿಲ್ರಿ," ಎಂದಳು ಕಮರುನ್ನಿಸಾ. "ಇದ್ದದ್ದೆಲ್ಲ ಸರ್ ಮನ್ಯಾಗ ಕೊಟ್ಟೀನ್ರಿ."

"ಹಂಗಾದ್ರ ಹುಡುಕರಿ. ಮನಿ ತುಂಬ ಹುಡುಕರಿ!" ಜಯಪಾಲ ನಕ್ಕ. ನಗುವಾಗಲೇ ನಾಚಿಕೆಯೂ ಆಯಿತು. ಪ್ರೋಗ್ರಾಮ್ ಮುಗಿದ ವಾರವೇ ಅವನ ಮದುವೆ. ಈ ಹುಡುಗಿ ಮೊದಲ ಸಾಲಿನಲ್ಲಿ ನಿಂತು ಅಕ್ಷತೆ ಹಾಕಿದ್ದಳು.

ಭೀಮಗೊಂಡ ನಿಟ್ಟುಸಿರುಬಿಟ್ಟ. "ಪುರಾವೆ ಇಲ್ಲಂದ್ರ ನಾ ಏನ ಮಾಡ್ಲಿ, ತಂಗಿ?"

ತಂಬಿಗೆ ಇಡಲು ಬಗ್ಗಿದ ಅಕ್ಕುತಾಯಿಯ ಕಣ್ಣು ಕಾಗದದ ಮೇಲೆ ಬಿತ್ತು.

"ಅಯ್ಯ, ಇದನ್ಯಾಕ ಬರಕೊಂಡೀರಿ? ನಮ್ಮ ಮದವಿ ಆಹೇರಿ ಕೊಡದ ಮ್ಯಾಲ ಐತಲ್ರಿ ಇದು! ದಿನಾ ತಿಕ್ಕೂಮುಂದ ನೋಡ್ತೀನಿ."

ಭೀಮಗೊಂಡ ಎದ್ದು ಕೊಡವನ್ನು ಬೆಳಕಿಗೆ ತಿರುಗಿಸಿದ.

ಪಾತ್ರೆ ಅಂಗಡಿಯವನು ಮುದ್ದಾಗಿ ಕೊರೆದಿದ್ದ: "ನನ್ನ ಗುರುಗಳಿಗೆ, ಕಮರುನ್ನಿಸಾ, ೧೧-೫-೯೭." ಅದರ ಕೆಳಗೆ, ಒಂದೂ ತಪ್ಪದೆ, ಆ ಮೂವತ್ತೆರಡು.