ಐದನೇ ವಾರ್ಡಿನ ಕೈ

ಬೆಳಿಗ್ಗೆ ಒಂಬತ್ತಾಗುವುದರೊಳಗೆ ವಿಶ್ವನಾಥ ಒಂದೇ ಮತವನ್ನು ಮೂವರಿಗೆ ಕೊಟ್ಟು ಮುಗಿಸಿದ್ದ. ನಾಲ್ಕನೆಯವರು ಜಗುಲಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದರು.

ಖುಷಿಗೆ ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಹೊನ್ನಾವರದಿಂದ ಕುಮಟೆಗೆ ಹೋಗುವ ಹೆದ್ದಾರಿ ಈ ಪಟ್ಟಣವನ್ನು ನಡುವೆ ಸೀಳಿಕೊಂಡು, ಇಪ್ಪತ್ತಡಿ ಆಳದಲ್ಲಿ ಓಡುತ್ತಿತ್ತು. ಅದರ ಮೇಲೆ ಈ ದಡದಿಂದ ಆ ದಡಕ್ಕೆ ಕಾಂಕ್ರೀಟಿನ ಮುಚ್ಚಿಗೆ ಹಾಕಬೇಕು, ಜನ ಓಡಾಡಬೇಕು, ಮೀನು ಮಾರುವ ಹೆಂಗಸರು ಅಲ್ಲಿ ಕೂರಬೇಕು ಎನ್ನುವುದು ಒಂದು ಬಣದ ಹಟ. ಅದೇ ಹಣದಲ್ಲಿ ಬಸ್‌ಸ್ಟ್ಯಾಂಡಿನ ಪಕ್ಕ ಅಂಗಡಿ ಮಳಿಗೆ ಕಟ್ಟಬೇಕೆನ್ನುವುದು ಇನ್ನೊಂದು ಬಣದ್ದು. ಪುರಸಭೆಯಲ್ಲಿ ಇಪ್ಪತ್ತೊಂದು ವಾರ್ಡು. ಹತ್ತು ಮುಚ್ಚಿಗೆಗೆ, ಹತ್ತು ಮಳಿಗೆಗೆ. ಉಳಿದದ್ದು ಐದನೇ ವಾರ್ಡು.

ಹಾಗಾಗಿ ಊರಿಗೆ ಊರೇ ವಿಶ್ವನಾಥನ ಜಗುಲಿ ಹತ್ತಿತ್ತು. "ಮೆಂಬರೇ" ಎಂದು ಯಾರಾದರೂ ಕರೆದಾಗಲೆಲ್ಲ ಅವನ ಎದೆ ಒಂದಂಗುಲ ಉಬ್ಬುತ್ತಿತ್ತು. ಉಬ್ಬದೆ ಏನು? ಚುನಾವಣೆಯಲ್ಲಿ ಮನೆಮನೆ ತಿರುಗಿ ಚಪ್ಪಲಿ ಸವೆಸಿದವನು ಅವನು. ನಲ್ಲಿಯಲ್ಲಿ ನೀರು ಬಾರದಿದ್ದರೆ ಬೈಗುಳ ತಿನ್ನುವವನೂ ಅವನೇ. ಪುರಸಭೆಯ ಕಾಗದಗಳಿಗೆ ಮಾತ್ರ ಅಲ್ಲೇ ನಿಂತು ಸಹಿ ಹಾಕುತ್ತಿರಲಿಲ್ಲ. ಮನೆಗೆ ಒಯ್ಯುತ್ತಿದ್ದ, ಮರುದಿನ ಸಹಿಯಾಗಿ ಬರುತ್ತಿದ್ದವು. ಅವಸರದ ಮನುಷ್ಯ ಅಲ್ಲ ಎಂದು ಗುಮಾಸ್ತರು ಮುಸಿಮುಸಿ ನಗುತ್ತಿದ್ದರು.

ನಾಲ್ಕನೆಯವರಾಗಿ ಬಂದವರು ಮಳಿಗೆ ಬಣದ ಮುಖಂಡ ಶಾಂತಾರಾಮ. ಅವರು ಲೋಟ ಕೆಳಗಿಟ್ಟು ಹತ್ತಿರ ಸರಿದರು.

"ಮೂಲೆ ಮಳಿಗೆ ನಿಮಗೇ, ಮೆಂಬರೇ. ಜ್ಯೂಸ್ ಅಂಗಡಿ ಹಾಕಿ. ಕೈ ಒಂದು ಎತ್ತಿದ್ರೆ ಆತು."

ವಿಶ್ವನಾಥ ನೆಟ್ಟಗೆ ಕೂತ. ಹನ್ನೆರಡು ವರ್ಷದಿಂದ ಅವನು ಜ್ಯೂಸ್ ಮಾರುತ್ತಿದ್ದದ್ದು ತಗಡಿನ ಗೂಡಿನಲ್ಲಿ. ಪ್ರತಿ ಜೂನ್‌ನಲ್ಲೂ ಗಾಳಿ ಒಂದಾದರೂ ತಗಡನ್ನು ಹಾರಿಸಿಕೊಂಡು ಹೋಗುತ್ತಿತ್ತು. ಬೆಳಿಗ್ಗೆ ಕೊಟ್ಟ ಆ ಮೂರು ಮಾತುಗಳು ಆ ಕ್ಷಣಕ್ಕೇ ಅವನಿಗೆ ಮರೆತುಹೋದವು.

"ಐದನೇ ವಾರ್ಡು ನಿಮ್ದೇ ಅಂತ ತಿಳ್ಕಳಿ."

ಹೆಂಡತಿ ವಿನುತಾ ಖಾಲಿ ಲೋಟ ಎತ್ತಿಕೊಳ್ಳಲು ಬಂದಳು. ಚಹಾ ಚಲೋ ಇತ್ತು ಅಕ್ಕಾ ಎಂದು ಹೇಳಿ ಶಾಂತಾರಾಮ ಹೊರಟರು. ಬಂದ ನಾಲ್ವರೂ ಅವಳಿಗೆ ಹೇಳಿದ್ದು ಅದೊಂದೇ ಮಾತು.

ಅವಳ ತವರುಮನೆ ಹೆದ್ದಾರಿಯ ಆಚೆ ದಡದಲ್ಲಿ ಕಣ್ಣಿಗೆ ಕಾಣುವಂತಿತ್ತು. ರಸ್ತೆ ಅಗೆದ ಮೇಲೆ ಅಲ್ಲಿಗೆ ಹೋಗಲು ಮೂರು ಕಿಲೋಮೀಟರ್ ಸುತ್ತು. ತಾಯಿ ಗಂಗಿಯ ಮೊಣಕಾಲಿಗೆ ಅಷ್ಟು ದೂರ ಆಗದು. ಸಂಜೆಯಾದರೆ ತಾಯಿ ಮಗಳು ಎರಡು ದಡದಲ್ಲಿ ನಿಂತು, ಒಬ್ಬರಿಗೊಬ್ಬರು ಕೈಬೀಸುತ್ತ, ಫೋನಿನಲ್ಲಿ ಮಾತಾಡುತ್ತಿದ್ದರು. ನಡುವೆ ಲಾರಿ ಹಾದರೆ ಎರಡೂ ಕಡೆ ಮಾತು ನಿಲ್ಲುತ್ತಿತ್ತು.

"ಕಡೀಗೆ ಐದನೇ ವಾರ್ಡು ಎಂತ ಹೇಳ್ತದೆ?" ವಿನುತಾ ಕೇಳಿದಳು.

"ಮಳಿಗೆ ಹೇಳ್ತದೆ."

"ಹೌದಾ? ನಂಗೆ ಗೊತ್ತೇ ಇರ್ಲಿಲ್ಲ."

"ಈಗ ಗೊತ್ತಾತಲ್ಲ."

ಅವಳು ಲೋಟ ತೊಳೆದಿಟ್ಟು, ಸೀರೆ ಬದಲಿಸಿ ಬಂದಳು. "ನಾನೂ ಬತ್ತೆ. ಸಭೆ ಹೆಂಗೆ ಮಾಡ್ತ್ರು ಅಂತ ಒಂದಿನ ಆದ್ರೂ ನೋಡ್ಬೇಕಲ್ಲ."

ವಿಶ್ವನಾಥನಿಗೆ ಇನ್ನಷ್ಟು ಖುಷಿಯಾಯಿತು. ಗಂಡನ ವೈಭವವನ್ನು ಹೆಂಡತಿ ನೋಡದಿದ್ದರೆ ಇನ್ಯಾರು ನೋಡಬೇಕು? ಸ್ಕೂಟರಿನಲ್ಲಿ ಕರೆದೊಯ್ದು ಸಭಾಂಗಣದ ಹಿಂದಿನ ಬೆಂಚಿನಲ್ಲಿ, ಪತ್ರಕರ್ತರ ಪಕ್ಕ, ಫ್ಯಾನಿನ ಕೆಳಗೆ ಕೂರಿಸಿದ. ತಾನು ಎಂದಿನಂತೆ ಐದನೇ ವಾರ್ಡಿನ ಕುರ್ಚಿಯಲ್ಲಿ ಒರಗಿದ. ಮುಖ್ಯಾಧಿಕಾರಿ ಪ್ರಿಯಂವದಾ ವರ್ಗವಾಗಿ ಬಂದು ಎಂಟು ದಿನವೂ ಆಗಿರಲಿಲ್ಲ. ಅವನನ್ನು ಒಮ್ಮೆ, ಎದುರಿನ ಕಡತವನ್ನು ಒಮ್ಮೆ ನೋಡಿದರು.

ಒಂದು ಗಂಟೆ ಕೂಗಾಟ ನಡೆಯಿತು. ಕೊನೆಗೆ ಅಧ್ಯಕ್ಷರ ಸೂಚನೆಯಂತೆ ಕೈ ಎಣಿಸಲು ಪ್ರಿಯಂವದಾ ಎದ್ದು ನಿಂತರು.

"ಮುಚ್ಚಿಗೆಗೆ ಹಣ ಕೊಡಬೇಕು ಎನ್ನುವವರು ಕೈ ಎತ್ತಿ."

ಬೆಳಗಿನ ಯಾವುದಾದರೂ ಮಾತು ನೆನಪಾಗಿ ಕೈ ತಾನಾಗಿಯೇ ಎದ್ದೀತೆಂಬ ಭಯಕ್ಕೆ ವಿಶ್ವನಾಥ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡ. ಎದುರು ಸಾಲಿನಲ್ಲಿ ಹತ್ತು ಕೈಗಳು ಮೇಲೆದ್ದವು. ಅವನ ಕಣ್ಣ ಮುಂದೆ ಮೂಲೆ ಮಳಿಗೆಗೆ ಆಗಲೇ ಬಣ್ಣ ಬಳಿದಾಗಿತ್ತು.

"ಹನ್ನೊಂದು," ಎಂದರು ಪ್ರಿಯಂವದಾ. "ಠರಾವು ಪಾಸಾಯಿತು."

ಸಭೆ ಭೋರೆಂದಿತು. ಶಾಂತಾರಾಮ ಕುರ್ಚಿಯಿಂದ ಅರ್ಧ ಎದ್ದು ವಿಶ್ವನಾಥನನ್ನು ನುಂಗುವಂತೆ ನೋಡಿದರು. ವಿಶ್ವನಾಥ ಅವರ ಬಣದ ಒಬ್ಬೊಬ್ಬರನ್ನೂ ಎಣಿಸಿದ. ಹತ್ತೂ ಮಂದಿಯ ಕೈ ಕೆಳಗೇ ಇತ್ತು. ಹಾಗಾದರೆ ಲೆಕ್ಕ ತಪ್ಪಿದ್ದು ಈ ಹೊಸ ಮೇಡಂಗೆ. ಅವನು ಅಂಗಿ ಎಳೆದುಕೊಂಡು ಠೀವಿಯಿಂದ ಎದ್ದು ನಿಂತ.

"ಹತ್ತೇ ಕೈ ಮೇಡಂ. ಐದನೇ ವಾರ್ಡು ಎತ್ತಲಿಲ್ಲ. ನನ್ನ ಕೈ ನೋಡಿ, ಕೆಳಗೇ ಉಂಟು."

"ನಿಮ್ಮ ಕೈ ಎಲ್ಲಿದ್ದರೂ ಲೆಕ್ಕಕ್ಕಿಲ್ಲ ಸರ್," ಪ್ರಿಯಂವದಾ ಕಡತ ಮುಚ್ಚಿದರು. "ಐದನೇ ವಾರ್ಡಿನಿಂದ ಆರಿಸಿ ಬಂದ ಸದಸ್ಯೆ ವಿನುತಾ ವಿಶ್ವನಾಥ. ಅವರ ಕೈ ಹಿಂದಿನ ಬೆಂಚಿನಲ್ಲಿ ಇನ್ನೂ ಮೇಲೇ ಇದೆ."