ಸಿದ್ದಮ್ಮ ಕೋಂ ಮಾದಯ್ಯ

೧೯೫೮ರ ಮೇ ೧೧, ಭಾನುವಾರ, ಬೆಳಿಗ್ಗೆ ಹತ್ತೂಕಾಲು. ಲಕ್ಷ್ಮೀಪುರಂನ ತಮ್ಮ ಮನೆಯ ನಡುಮನೆಯಲ್ಲಿ ಕೂತು ಕರಿಬಸವಯ್ಯನವರು, ಅಚ್ಚಿಗೆ ಹೋಗಬೇಕಾದ ವಂಶವೃಕ್ಷದ ಹಾಳೆಯಲ್ಲಿ ಒಂದು ಹೆಸರನ್ನು ಕೆಂಪು ಪೆನ್ಸಿಲಿನಿಂದ ಹೊಡೆದುಹಾಕಿದರು. ಮಾದಯ್ಯ ಎಂಬುದು ಆ ಹೆಸರು.

ಹಾಳೆ ಬರೆದವಳು ಅವರ ತಮ್ಮನ ಮಗಳು ಪ್ರೇಮಲೀಲಾ, ಹೆಣ್ಣುಮಕ್ಕಳ ಕಾಲೇಜಿನಲ್ಲಿ ಚರಿತ್ರೆಯ ಅಧ್ಯಾಪಕಿ. ಮನೆತನದ ವಂಶವೃಕ್ಷ ಮಾಡಿಕೊಡು ಎಂದು ಕೇಳಿದವರು ದೊಡ್ಡಪ್ಪನೇ. ಅವಳ ಎರಡು ಬೇಸಿಗೆ ರಜ ಅದಕ್ಕೇ ಹೋಗಿತ್ತು.

“ಯಾಕೆ ಹೊಡೆದಿರಿ, ದೊಡ್ಡಪ್ಪ?”

“ಈ ಮಾದಯ್ಯ ಯಾರೋ ನನಗೆ ಗೊತ್ತಿಲ್ಲ.”

“ನಿಮ್ಮ ತಾತನ ತಂದೆ.”

“ನಮ್ಮ ತಾತನ ತಂದೆ ಪಟೇಲ ಚನ್ನಬಸವಯ್ಯ. ಊರಿಗೇ ಗೊತ್ತು.”

“ಚನ್ನಬಸವಯ್ಯ ತೀರಿಕೊಂಡಿದ್ದು ೧೮೪೦ರಲ್ಲಿ. ನಿಮ್ಮ ತಾತ ಮಾಲಿಂಗಯ್ಯ ಹುಟ್ಟಿದ್ದು ನಲವತ್ತಾರರಲ್ಲಿ. ಎರಡೂ ಸಮಾಧಿ ಕಲ್ಲಿನ ಮೇಲೇ ಇದೆ. ಆರು ವರ್ಷ ತಾಯಿ ಹೊಟ್ಟೇಲೇ ಇದ್ರಾ?”

ಅವಳು ದಾಖಲೆಯ ನಕಲುಗಳನ್ನು ಮುಂದಿಟ್ಟಳು. ೧೮೪೧ರ ನಕಲಿನಲ್ಲಿ ತವರಿನಿಂದ ಬಂದ ಒಂದು ಹೊಲ ‘ಚನ್ನಬಸವಯ್ಯನ ವಿಧವೆ ಸಿದ್ದಮ್ಮ’ನ ಹೆಸರಿನಲ್ಲಿತ್ತು. ನಲವತ್ತೈದರದ್ದರಲ್ಲಿ ಅದೇ ಹೊಲ ‘ಸಿದ್ದಮ್ಮ ಕೋಂ ಮಾದಯ್ಯ’, ಅಂದರೆ ಮಾದಯ್ಯನ ಹೆಂಡತಿಯ ಹೆಸರಿನಲ್ಲಿತ್ತು. ಗಂಡ ಸತ್ತ ಮೇಲೆ ಆಕೆ ಕೂಡಾವಳಿ ಪದ್ಧತಿಯಲ್ಲಿ ಮರುಮದುವೆಯಾಗಿದ್ದಳು. ಮಕ್ಕಳಾದದ್ದೆಲ್ಲ ಆ ಮದುವೆಯಲ್ಲೇ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಶಾಂತಾದೇವಿ ಕೇಳಿಸಿಕೊಳ್ಳುತ್ತಿದ್ದಳು. ಕರಿಬಸವಯ್ಯನವರಿಗೆ ಅವಳೊಬ್ಬಳೇ ಕೂಸು. ಹತ್ತೊಂಬತ್ತಕ್ಕೆ ಗಂಡ ಸತ್ತು ತವರಿಗೆ ಬಂದವಳಿಗೆ ಈಗ ಇಪ್ಪತ್ತಮೂರು. ಮಿಡ್ಲ್ ಸ್ಕೂಲ್ ಮೇಷ್ಟ್ರು ಪುಟ್ಟಸ್ವಾಮಿ ಅವಳನ್ನು ಮದುವೆಯಾಗುತ್ತೇನೆಂದು ಎರಡು ಸಲ ಮನೆಗೆ ಬಂದು ಕೇಳಿದ್ದ. ಎರಡು ಸಲವೂ ಅವನಿಗೆ ಸಿಕ್ಕ ಉತ್ತರ ಒಂದೇ: “ನಮ್ಮ ವಂಶದಲ್ಲಿ ಅಂಥದ್ದು ನಡೆದಿಲ್ಲ.”

“ಯಾವನೋ ಗುಮಾಸ್ತ ಬರೆದದ್ದು ಕಣಮ್ಮ, ತಪ್ಪಿರಬಹುದು” ಎಂದರು ಕರಿಬಸವಯ್ಯನವರು.

“ಕಂದಾಯ ಇಲಾಖೇಲಿ ಶಿರಸ್ತೇದಾರರಾಗಿದ್ದೋರು ನೀವು. ಮೂವತ್ತು ವರ್ಷ ಇಂಥ ಕಾಗದ ನೋಡೇ ಕಂಡೋರ ಹೊಲ ಗದ್ದೆ ತೀರ್ಮಾನ ಮಾಡಿದ್ರಿ. ಆಗ ಗುಮಾಸ್ತ ತಪ್ಪಿರಲಿಲ್ವಾ?”

“ಕಾಗದ ತಪ್ಪಬಹುದು, ಹೆಳವ ತಪ್ಪಲ್ಲ. ಕಾಳಯ್ಯ, ನೀನು ಹೇಳಪ್ಪ.”

ಕಂಬಕ್ಕೆ ಒರಗಿ ಕೂತಿದ್ದ ಹೆಳವರ ಕಾಳಯ್ಯ ನೆಟ್ಟಗಾದ. ಅವನ ಎತ್ತು ಹೊರಗೆ ಬೇವಿನ ಮರದ ಕೆಳಗಿತ್ತು. ಮನೆತನಗಳ ಹೆಸರನ್ನು ಬಾಯಿಪಾಠ ಮಾಡಿ ಮನೆಮುಂದೆ ಬಂದು ಹೇಳುವುದು ಅವನ ಕುಲಕಸುಬು. ಅವನ ಅಪ್ಪ, ತಾತ ಇದೇ ಮನೆಯ ವಂಶಾವಳಿ ಹೇಳಿದವರು. ಈ ಸಲ ಯಾವ ಹೆಸರು ಬಿಡಬೇಕೆಂದು ಕರಿಬಸವಯ್ಯನವರು ಬೆಳಿಗ್ಗೆಯೇ ಅವನಿಗೆ ತಿಳಿಸಿದ್ದರು.

ಕಣ್ಣು ಮುಚ್ಚಿ ರಾಗ ತೆಗೆದು ಶುರು ಮಾಡಿದ. ಏಳು ತಲೆ ಸಲೀಸಾಗಿ ಇಳಿದು ಬಂದು, “ಅವನ ಹೆಂಡ್ರು ಸಿದ್ದಮ್ಮ, ಸಿದ್ದಮ್ಮನ್ನ…” ಎಂದು ನಿಂತ. ಕೆಮ್ಮಿದ. ಮತ್ತೆ ಮೊದಲಿನಿಂದ ಹಿಡಿದ. ಅಲ್ಲೇ ಬಂದು ನಿಂತ.

“ಬುದ್ಧಿ, ಇದು ಸರಪಣಿ ಇದ್ದಂಗೆ. ನಡುವೆ ಒಂದು ಕೊಂಡಿ ಕಿತ್ರೆ ಮುಂದಿಂದು ಬಾಯಿಗೆ ಬರಾಕಿಲ್ಲ.”

“ಹೇಳು ಅಂದ್ರೆ ಹೇಳು.”

ಮೂರನೆಯ ಸಲ ಕಾಳಯ್ಯನ ಬಾಯಿ ಅವನ ಮಾತು ಕೇಳಲಿಲ್ಲ. “ಪಟೇಲ ಚನ್ನಬಸವಯ್ಯ ಶಿವನ ಪಾದ ಸೇರವ್ನೆ, ಹೆಂಡ್ರು ಸಿದ್ದಮ್ಮನ್ನ ಮಾದಯ್ಯ ಕೂಡಾವಳಿ ಆಗವ್ನೆ, ಮಾದಯ್ಯಂಗೆ ಮಕ್ಕಳು ಮೂವರು, ಇರೀಮಗ ಮಾಲಿಂಗಯ್ಯ…” ಎಂದು ಒಂದೇ ಉಸಿರಿಗೆ ಓಡಿ ಕರಿಬಸವಯ್ಯನವರ ಹೆಸರಿಗೆ ಬಂದು ನಿಂತಿತು.

“ನಾನೇನ್ ಮಾಡ್ಲಿ ಬುದ್ಧಿ, ನಮ್ಮಪ್ಪ ಇಂಗೇ ಕಲ್ಸವ್ನೆ.”

ಪ್ರೇಮಲೀಲಾ ದೊಡ್ಡಪ್ಪನ ಕಡೆ ತಿರುಗಿದಳು. “ಆ ತಾಯಿ ಎರಡನೇ ಮದುವೆ ಆಗದೆ ಇದ್ದಿದ್ರೆ ನೀವಿಲ್ಲ, ನಮ್ಮಪ್ಪ ಇಲ್ಲ, ನಾನಿಲ್ಲ. ನಿಮಗೆ ಇದು ಮೊದಲೇ ಗೊತ್ತಿತ್ತು. ಗೊತ್ತಿದ್ದೂ ವಂಶದ ಹೆಸರು ಹೇಳಿ ಈ ಹುಡುಗೀನ ಮೂಲೇಲಿ ಕೂರಿಸಿದ್ರಿ.”

“ಗೊತ್ತಿತ್ತಮ್ಮ. ಅದಕ್ಕೇ ಹೊಡೆದದ್ದು. ಮೂರು ತಲೆಮಾರು ಮುಚ್ಚಿಟ್ಟಿದ್ದನ್ನ ನಾನು ಅಚ್ಚು ಹಾಕಿಸಿ ಮನೆಮನೆಗೆ ಹಂಚಲಾ? ನಿನಗೆ ಎಂ.ಎ. ಓದಿಸಿದ್ದು ಇದಕ್ಕಾ?”

ಶಾಂತಾದೇವಿ ಬಾಗಿಲು ಬಿಟ್ಟು ಈಚೆ ಬಂದಳು. ಅಪ್ಪನ ಕಡೆ ನೋಡಲಿಲ್ಲ.

“ಕಾಳಯ್ಯ, ಸಿದ್ದಮ್ಮನಿಗೆ ಆಗ ವಯಸ್ಸೆಷ್ಟು?”

“ಇಪ್ಪತ್ತೊ ಇಪ್ಪತ್ತೆರಡೊ ಅಂತಾರೆ ಕಣವ್ವ.”

“ಅವರಪ್ಪ ಬದುಕಿದ್ರಾ?”

“ಇದ್ದ. ಅವನೇ ಮುಂದೆ ನಿಂತು ಮಾಡ್ಸುದ ಅಂತ ನಮ್ಮಪ್ಪ ಯೋಳೋನು.”

ಕರಿಬಸವಯ್ಯನವರು ಹಾಳೆಯನ್ನು ಮಡಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ಎದ್ದುಹೋದರು.

ಮಂಗಳವಾರ ಶಾಂತಾದೇವಿ ಮತ್ತು ಪುಟ್ಟಸ್ವಾಮಿ ಮದುವೆಯ ನೋಂದಣಿಗೆ ನೋಟೀಸು ಕೊಟ್ಟರು. ಜೂನ್ ೧೯ರ ಗುರುವಾರ ಮದುವೆ ರಿಜಿಸ್ಟರ್ ಆಯಿತು. ಸಾಕ್ಷಿಗಳ ಪೈಕಿ ಪ್ರೇಮಲೀಲಾ ಒಬ್ಬಳು. ವಂಶವೃಕ್ಷ ದಸರೆಗೆ ಮುಂಚೆ ಅಚ್ಚಾಗಿ ಬಂದು ನೆಂಟರಿಷ್ಟರ ಮನೆಗಳಿಗೆಲ್ಲ ಹೋಯಿತು. ಅದರಲ್ಲಿ ಮಾದಯ್ಯನಿರಲಿಲ್ಲ. ಕರಿಬಸವಯ್ಯ ಎಂಬ ಹೆಸರಿನ ಕೆಳಗೆ ‘ಸಂತಾನವಿಲ್ಲ’ ಎಂದು ಅಚ್ಚಾಗಿತ್ತು.